ಸ್ಟರ್ಲಿಂಗ್‌ಗೆ ಒಂದ್ ದಿನದ ಟ್ರಿಪ್: ಕೋಟೆ ಮೊದ್ಲು, ಮೆಟ್ಟಿಲು ಆಮೇಲೆ

ಸ್ಕಾಟ್ಲೆಂಡಿಗೆ ಓದೋಕೆ ಬಂದ ಹೊಸದ್ರಲ್ಲಿ ಎಲ್ರೂ ಮಾಡೋ ತಪ್ಪು ಒಂದಿದೆ, ನಮ್ ಗ್ಯಾಂಗೂ ಮಾಡ್ತು. ಒಂದ್ ಶನಿವಾರ ಫ್ರೀ ಸಿಕ್ರೆ ಸಾಕು, ಲಾಕ್ ನೆಸ್ಸು, ಗ್ಲೆನ್‌ಕೋ, ಜೊತೆಗೆ ಎರಡು ಕೋಟೆ ಅಂತ ಎಲ್ಲಾ ಒಂದೇ ದಿನಕ್ಕೆ ತುರುಕಿ, ಕೊನೆಗೆ ಬಸ್ ಕಿಟಕೀಲೇ ಅರ್ಧ ದಿನ ಕಳೆದು, ಕೋಟೆ ಬಾಗಿಲಲ್ಲಿ ಒಂದ್ ಸೆಲ್ಫಿ ಹೊಡ್ಕೊಂಡು ವಾಪಸ್. ಹಂಗ್ ಮಾಡ್ಬೇಡಿ. ಒಂದ್ ದಿನ ಅಂದ್ರೆ ಒಂದ್ ಊರು, ಅದೂ ನನ್ನ ಕೇಳಿದ್ರೆ ಸ್ಟರ್ಲಿಂಗ್. ಕೋಟೆ, ಹಳೇ ಚರ್ಚು, ಯುದ್ಧ ನಡೆದ ಸೇತುವೆ ಜಾಗ, ಇಂಗ್ಲಿಷರ ವಿರುದ್ಧ ಹೋರಾಡಿದ ಸ್ಕಾಟಿಷ್ ವೀರ ವಿಲಿಯಂ ವಾಲೇಸ್ ನೆನಪಿನ ಗೋಪುರ ವಾಲೇಸ್ ಮಾನ್ಯುಮೆಂಟ್, ಎಲ್ಲಾ ಕಾಲ್ನಡಿಗೇಲೇ ಮುಗಿಯತ್ತೆ.

ಹೋಗೋದ್ ಹೇಗೆ ಅಂದ್ರೆ, ಎಡಿನ್‌ಬರಾದ ವೇವರ್ಲಿ ಸ್ಟೇಷನ್ನಿಂದ ಟ್ರೇನಲ್ಲಿ ಹೆಚ್ಚೂಕಮ್ಮಿ 50 ನಿಮಿಷ, ಗ್ಲಾಸ್ಗೋ ಕ್ವೀನ್ ಸ್ಟ್ರೀಟಿಂದ ಇನ್ನೂ ಕಮ್ಮಿ. 16ರಿಂದ 25 ವಯಸ್ಸಿನೋರಿಗೆ ಕೊಡೋ ರೇಲ್‌ಕಾರ್ಡ್ ಅನ್ನೋ ಡಿಸ್ಕೌಂಟ್ ಕಾರ್ಡ್ ಇದ್ರೆ ಟಿಕೆಟ್ಟಲ್ಲಿ ಮೂರನೇ ಒಂದು ಭಾಗ ಉಳಿಯತ್ತೆ, ವರ್ಷಕ್ಕೆ ಮೂರ್ನಾಲ್ಕು ಸಲ ಓಡಾಡೋರು ಮಾಡಿಸ್ಕೊಳ್ಳಿ. ಫುಲ್‌ಟೈಮ್ ಓದ್ತಿದ್ರೆ 25 ದಾಟಿದ್ರೂ ಕೊಡ್ತಾರೆ. ಸ್ಕಾಟ್ಲೆಂಡಲ್ಲಿ ವಾಸ ಇರೋ 22ರ ಒಳಗಿನವರಿಗೆ ಬಸ್ಸೇ ಫ್ರೀ, 2022ರಿಂದ ಈ ಸ್ಕೀಮ್ ಇದೆ, ಆದ್ರೆ ಅದಕ್ಕೆ ಬೇರೆ ಕಾರ್ಡ್ ಬೇಕು, ಅಪ್ಲೈ ಮಾಡಿ ಅದು ಕೈಗೆ ಬರೋಕೆ ಟೈಮ್ ಹಿಡಿಯತ್ತೆ, ಹಿಂದಿನ ದಿನ ರಾತ್ರಿ ನೆನಪಾದ್ರೆ ಪ್ರಯೋಜನ ಇಲ್ಲ. ಮಾಸ್ಟರ್ಸ್ ಅಂತ ಬಂದಿರೋ ನಮ್ಮಂಥ ವಯಸ್ಸಾದೋರಿಗೆ ಆ ಭಾಗ್ಯ ಇಲ್ಲ ಬಿಡಿ. ಭಾನುವಾರ ಟ್ರೇನ್ ಕಮ್ಮಿ, ಆದಷ್ಟು ಶನಿವಾರನೇ ಇಟ್ಕೊಳ್ಳಿ.

ಕೋಟೆ ಟಿಕೆಟ್ ಆನ್‌ಲೈನಲ್ಲೇ ಮೊದಲೇ ಬುಕ್ ಮಾಡಿ, ಬೆಳಗಿನ ಮೊದಲ ಸ್ಲಾಟ್ ತಗೊಳ್ಳಿ. ಟೂರ್ ಕೋಚ್‌ಗಳು ಬಂದು ಜನ ತುಂಬೋಕೆ ಮುಂಚೆ ಒಳಗಿರ್ಬೇಕು, ಅಷ್ಟೇ ಗುಟ್ಟು. ಗ್ರೂಪಲ್ಲಿ ಯಾವಾಗ್ಲೂ ಲೇಟಾಗಿ ಬರೋನೊಬ್ಬ ಇರ್ತಾನಲ್ಲ, ಅವನಿಗೆ ಟ್ರೇನ್ ಟೈಮ್ 20 ನಿಮಿಷ ಮುಂಚೆ ಹೇಳಿಡಿ. ನಾವು ಹೇಳಿರ್ಲಿಲ್ಲ, ವೇವರ್ಲೀಲಿ ಟ್ರೇನ್ ಬಾಲ ನೋಡ್ಕೊಂಡು ನಿಂತಿದ್ವಿ.

ಸ್ಟೇಷನ್ನಿಂದ ಕೋಟೆಗೆ 20 ನಿಮಿಷದ ಏರು. ಮೇನ್ ರೋಡ್ ಬಿಟ್ಟು ಬ್ಯಾಕ್ ವಾಕ್ ಅನ್ನೋ ದಾರಿ ಹಿಡೀರಿ, ಹಳೇ ಊರಗೋಡೆ ಪಕ್ಕದಲ್ಲೇ ಮರಗಳ ಮಧ್ಯೆ ಹತ್ಕೊಂಡು ಹೋಗತ್ತೆ. ಕೋಟೆ ಕೂತಿರೋದು ಜ್ವಾಲಾಮುಖಿ ಕಾಲದ ಬಂಡೆ ಮೇಲೆ, ಮೂರು ಕಡೆ ಕಡಿದಾದ ಪ್ರಪಾತ, ಹಾಗಾಗಿ ಸ್ಟರ್ಲಿಂಗ್ ಯಾರ ಕೈಲಿದ್ಯೋ ಉತ್ತರಕ್ಕೆ ಹೋಗೋ ದಾರಿ ಅವ್ರದ್ದು ಅನ್ನೋ ಲೆಕ್ಕ. ಕೋಟೆ ಮುಂದಿನ ಬಯಲು, ಅಂದ್ರೆ ಎಸ್‌ಪ್ಲನೇಡಲ್ಲಿ, ಸ್ಕಾಟ್ಲೆಂಡ್ ರಾಜ ರಾಬರ್ಟ್ ದ ಬ್ರೂಸ್ ಪ್ರತಿಮೆ ಹತ್ರ ನಿಂತ್ರೆ ದೂರದಲ್ಲಿ ಗುಡ್ಡದ ಮೇಲೆ ವಾಲೇಸ್ ಮಾನ್ಯುಮೆಂಟ್ ಕಾಣತ್ತೆ. ಮಧ್ಯಾಹ್ನ ಅಲ್ಲಿಗೇ ಹೋಗೋದು, ಈಗ್ಲೇ ನೋಡಿ ಕಾಲಿಗೆ ಧೈರ್ಯ ಹೇಳಿ.

ಒಳಗೆ ಹೋದ ತಕ್ಷಣ ಗೈಡೆಡ್ ಟೂರ್ ಯಾವಾಗ ಅಂತ ವಿಚಾರಿಸಿ, ಅದು ಟಿಕೆಟ್ಟಲ್ಲೇ ಸೇರಿರತ್ತೆ. ಗೈಡ್ ಇಲ್ದೆ ನೋಡಿದ್ರೆ ಬರೀ ಗೋಡೆ ಕಣ್ರಿ, ಕಥೆ ಕೇಳಿದ್ರೇನೇ ಜೀವ ಬರೋದು. ಗ್ರೇಟ್ ಹಾಲ್ ಅನ್ನೋ ದೊಡ್ಡ ಸಭಾಂಗಣ ಸ್ಕಾಟ್ಲೆಂಡ್ ರಾಜ 4ನೇ ಜೇಮ್ಸ್ ಕಾಲದ್ದು, 1503ರ ಸುಮಾರಿಗೆ ಮುಗಿದಿದ್ದು, ಹೊರಗಡೆ ತಿಳಿ ಹಳದಿ ಸುಣ್ಣ ಬಳ್ದಿದ್ದಾರೆ, ಸುತ್ತ ಎಲ್ಲಾ ಬೂದು ಕಲ್ಲು ಮಧ್ಯ ಇದೊಂದು ಮದುವೆ ಮನೆ ಥರ. ಮೊದಲ ಸಲ ನೋಡಿದಾಗ ಯಾರೋ ಈಗಿನ ಕಾಂಟ್ರಾಕ್ಟರ್ ಕೈವಾಡ ಅನ್ಕೊಂಡಿದ್ದೆ, ಆದ್ರೆ ಅವಾಗ್ಲೂ ಇದೇ ಬಣ್ಣ ಇತ್ತಂತೆ. 1594ರಲ್ಲಿ ರಾಜಕುಮಾರ ಹೆನ್ರಿ ನಾಮಕರಣದ ಊಟಕ್ಕೆ ಇಲ್ಲೇ ಹಡಗಿನ ಮಾದರಿ ಮಾಡಿ ಅದರಲ್ಲಿ ಮೀನು ಬಡಿಸಿದ್ರಂತೆ. ಇದೇ ಕೋಟೇಲಿ 1543ರಲ್ಲಿ ಸ್ಕಾಟ್ಲೆಂಡ್ ರಾಣಿ ಮೇರಿಗೆ ಪಟ್ಟ ಕಟ್ಟಿದ್ದು, ಆಗ ಆ ಮಗುಗೆ 9 ತಿಂಗಳು. 1452ರಲ್ಲಿ 2ನೇ ಜೇಮ್ಸ್ ಮಾತಾಡೋಣ ಬಾ ಅಂತ ಡಗ್ಲಸ್ ಅರ್ಲ್ ಅನ್ನೋ ದೊಡ್ಡ ಜಮೀನ್ದಾರನ್ನ ಕರೆಸಿ ಚುಚ್ಚಿ ಸಾಯಿಸಿದ್ದೂ ಇಲ್ಲೇ, ಹೆಣನ ಕಿಟಕಿಯಿಂದ ಆಚೆ ಎಸೆದ್ರಂತೆ.

ನನಗಿಷ್ಟ ಆಗಿದ್ದು ಮಾತ್ರ ಜಾನ್ ಡಮಿಯನ್ ಕಥೆ. ಇಟಲಿಯವನು, ಕಬ್ಬಿಣನ ಚಿನ್ನ ಮಾಡ್ತೀನಿ ಅಂತ 4ನೇ ಜೇಮ್ಸ್ ಹತ್ರ ದುಡ್ಡು ತಿಂತಿದ್ದ, 1507ರಲ್ಲಿ ರೆಕ್ಕೆ ಕಟ್ಕೊಂಡು ಫ್ರಾನ್ಸಿಗೆ ಹಾರ್ತೀನಿ ಅಂತ ಕೋಟೆ ಗೋಡೆಯಿಂದ ಜಿಗಿದ, ತಿಪ್ಪೆ ಮೇಲೆ ಬಿದ್ದು ತೊಡೆ ಮೂಳೆ ಮುರ್ಕೊಂಡ. ರೆಕ್ಕೇಲಿ ಕೋಳಿ ಪುಕ್ಕ ಸೇರಿಬಿಟ್ಟಿತ್ತು, ಕೋಳಿಗೆ ಆಕಾಶಕ್ಕಿಂತ ತಿಪ್ಪೆನೇ ಇಷ್ಟ, ಅದಕ್ಕೇ ಹಿಂಗಾಯ್ತು ಅಂದನಂತೆ. ಅಸೈನ್‌ಮೆಂಟ್ ಲೇಟಾದಾಗ ನಾವು ಹೇಳೋ ನೆಪಗಳೆಲ್ಲ ಇದರ ಮುಂದೆ ಏನೂ ಅಲ್ಲ.

ಕೋಟೆಗೆ ಎರಡೂವರೆ ಗಂಟೆ ಇಟ್ಕೊಳ್ಳಿ. ಅರಮನೆ ಕೋಣೆಗಳಲ್ಲಿ ಯೂನಿಕಾರ್ನ್ (ಒಂಟಿ ಕೊಂಬಿನ ಕುದುರೆ) ಬೇಟೆಯ ಟ್ಯಾಪೆಸ್ಟ್ರಿ, ಅಂದ್ರೆ ಗೋಡೆಗೆ ತೂಗುಹಾಕೋ ಚಿತ್ರದ ನೇಯ್ಗೆ, ಇದಾವೆ, ಹೊಸದಾಗಿ ಕೈಯಲ್ಲೇ ನೇಯ್ದಿದ್ದು, ಮಿಸ್ ಮಾಡ್ಬೇಡಿ. ಯೂನಿಕಾರ್ನ್ ಇಲ್ಲಿನ ರಾಷ್ಟ್ರೀಯ ಪ್ರಾಣಿ, ತಮಾಷೆ ಅಲ್ಲ. ಊಟ ಬುತ್ತಿ ಕಟ್ಕೊಂಡೇ ಹೋಗಿ, ಇಲ್ಲಾಂದ್ರೆ ಸ್ಟೇಷನ್ ಹತ್ರ ಸೂಪರ್‌ಮಾರ್ಕೆಟ್ಟಲ್ಲಿ ಮೀಲ್ ಡೀಲ್ (ಸ್ಯಾಂಡ್‌ವಿಚ್, ಸ್ನ್ಯಾಕ್, ಡ್ರಿಂಕ್ ಸೇರಿಸಿ ಒಂದೇ ರೇಟು) ಎತ್ಕೊಳ್ಳಿ, ಕೆಫೇಲಿ ಐದು ಜನಕ್ಕೆ ಬಿಲ್ ಆದ್ರೆ ರೇಲ್‌ಕಾರ್ಡಲ್ಲಿ ಉಳಿಸಿದ್ದು ಹೋಯ್ತು. ಕೆಳಗಿನ ಹಳೇ ಸ್ಮಶಾನದ ಬೆಂಚುಗಳಲ್ಲಿ ಕೂತು ತಿನ್ಬಹುದು. ಸ್ಮಶಾನದಲ್ಲಾ ಅಂತ ಮುಖ ಸಿಂಡರಿಸಿದ ಫ್ರೆಂಡೇ ಕೊನೆಗೆ ಅಲ್ಲಿಂದ ಎದ್ದೇಳಲಿಲ್ಲ, ಅಂಥ ವ್ಯೂ. ಪಕ್ಕದ ಹೋಲಿ ರೂಡ್ ಚರ್ಚಲ್ಲಿ 1567ರಲ್ಲಿ 6ನೇ ಜೇಮ್ಸ್‌ಗೆ 13 ತಿಂಗಳಲ್ಲೇ ಪಟ್ಟ ಆಗಿದ್ದು.

ಆಮೇಲೆ ಇಳ್ಕೊಂಡು ಓಲ್ಡ್ ಸ್ಟರ್ಲಿಂಗ್ ಬ್ರಿಡ್ಜ್ ದಾಟಿ ಮಾನ್ಯುಮೆಂಟ್ ಕಡೆ ನಡೀರಿ. ಈ ಕಲ್ಲಿನ ಸೇತುವೆ 1500ರ ಹೊತ್ತಿಂದು. 1297 ಸೆಪ್ಟೆಂಬರ್ 11ರ ಯುದ್ಧದಲ್ಲಿದ್ದಿದ್ದು ಮರದ ಸೇತುವೆ, ಇಬ್ಬರು ಕುದುರೆ ಸವಾರರು ಮಾತ್ರ ಅಕ್ಕಪಕ್ಕ ಹೋಗೋ ಅಷ್ಟು ಕಿರಿದು. ಇಂಗ್ಲಿಷ್ ಸೈನ್ಯ ಸ್ವಲ್ಪ ಭಾಗ ಈಚೆ ಬರೋವರ್ಗೂ ವಾಲೇಸ್, ಆಂಡ್ರೂ ಮೊರೇ ಇಬ್ರೂ ಕಾದು, ಆಮೇಲೆ ಮೇಲೆ ಬಿದ್ರು, ಆಚೆ ದಡದಲ್ಲಿದ್ದೋರು ನೋಡ್ತಾ ನಿಂತ್ಕೊಂಡ್ರು ಅಷ್ಟೇ. ಮೊರೇ ಆಗ ಆದ ಗಾಯದಿಂದಾನೇ ಸತ್ತ ಅಂತಾರೆ, ಆದ್ರೆ ಹೆಸರೆಲ್ಲಾ ವಾಲೇಸ್‌ಗೆ ಹೋಯ್ತು, ಗ್ರೂಪ್ ಪ್ರಾಜೆಕ್ಟ್ ಥರ.

ಮಾನ್ಯುಮೆಂಟ್ 1869ರದ್ದು, 67 ಮೀಟರ್ ಎತ್ತರ, 246 ಮೆಟ್ಟಿಲು, ಇಕ್ಕಟ್ಟಾದ ಸುತ್ತು ಮೆಟ್ಟಿಲು, ಲಿಫ್ಟ್ ಇಲ್ಲ. ಮೊಣಕಾಲು ನೋವು, ಇಕ್ಕಟ್ಟು ಜಾಗದ ಭಯ ಇರೋರನ್ನ ಬಲವಂತ ಮಾಡ್ಬೇಡಿ, ಕೆಳಗೆ ಬ್ಯಾಗ್ ಕಾಯ್ಲಿ. ಮಧ್ಯದಲ್ಲಿ ವಾಲೇಸ್ ಕತ್ತಿ ಇಟ್ಟಿದ್ದಾರೆ, 1.6 ಮೀಟರ್‌ಗಿಂತ ಉದ್ದ, ನಿಜವಾಗ್ಲೂ ಅವನದ್ದೇನಾ ಅನ್ನೋದು ವಾದ ಇರೋ ವಿಷ್ಯ.

ಡಿಸೆಂಬರಲ್ಲಿ ಹೋಗೋದಾದ್ರೆ ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗಿರ್ತಾನೆ, ಆಗ ಕೋಟೆ ಇಲ್ಲ ಮಾನ್ಯುಮೆಂಟ್ ಎರಡ್ರಲ್ಲಿ ಒಂದೇ ಇಟ್ಕೊಳ್ಳಿ, ಉಳಿದ ಟೈಮಲ್ಲಿ ಸ್ಮಿತ್ ಮ್ಯೂಸಿಯಂಗೆ ಹೋಗಿ, ಎಂಟ್ರಿ ಫ್ರೀ. ಕೋಟೆ ಮಾಳಿಗೇಲಿ ಸಿಕ್ಕ, ಹಂದಿ ಮೂತ್ರಕೋಶಕ್ಕೆ ಚರ್ಮ ಹೊಲಿದು ಮಾಡಿರೋ ಫುಟ್‌ಬಾಲ್ ಅಲ್ಲಿದೆ, ಪ್ರಪಂಚದಲ್ಲೇ ಹಳೇದು ಅಂತಾರೆ. ಜೂನಲ್ಲಾದ್ರೆ ರಾತ್ರಿ ಹತ್ತರವರ್ಗೂ ಬೆಳಕು, ಜೋಶ್ ಉಳಿದಿದ್ರೆ 1314ರ ಯುದ್ಧ ನಡೆದ ಬ್ಯಾನಕ್‌ಬರ್ನ್ ಮೈದಾನಕ್ಕೂ ಒಂದ್ ರೌಂಡ್ ಹಾಕಿ. ಯಾವ ತಿಂಗಳಾದ್ರೂ ಛತ್ರಿ ಮಾತ್ರ ತಗೊಂಡ್ ಹೋಗ್ಬೇಡಿ, ಕೋಟೆ ಮೇಲಿನ ಗಾಳಿಗೆ ತಲೆಕೆಳಗಾಗತ್ತೆ, ಟೋಪಿ ಇರೋ ಮಳೆ ಜಾಕೆಟ್ಟೇ ಸರಿ.