ಧೂಳು ಹುಡುಕಲು ಹೋಗಿ ಹೊಗೆ ಸಿಕ್ಕಿತು

ನಮ್ಮ ಓಣಿ ಇರುವುದು ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ. ಬೆಳಿಗ್ಗೆ ಒರೆಸಿದ ಸ್ಕೂಟರ್ ಸೀಟಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿ ಜೊತೆ ಹುಬ್ಬಳ್ಳಿ-ಧಾರವಾಡವೂ ಇದೆ. ಹಾಗಂತ ಓಣಿ ಓಣಿಗೆ ಯಾರು ಬಂದು ಅಳೆಯುತ್ತಾರೆ? ನಾಲ್ಕು ಮನೆಯವರು ದುಡ್ಡು ಹಾಕಿ ಎಸ್‌ಡಿಎಸ್‌011 ಎಂಬ, ಗಾಳಿಯಲ್ಲಿನ ಕಣ ಅಳೆಯುವ ಸೆನ್ಸರ್, ವೈಫೈ ಇರುವ ಸಣ್ಣ ಬೋರ್ಡ್ ತರಿಸಿದೆವು. ಪಿವಿಸಿ ಪೈಪಿನ ಎರಡು ಎಲ್ಬೋ ಜೋಡಿಸಿ, ಬಾಯಿ ಕೆಳಗೆ ಮಾಡಿ ಗೂಡು ಕಟ್ಟಿದೆ.

ಅದನ್ನು ತೂಗುಹಾಕಿದ್ದು ಅಡುಗೆಮನೆ ಕಿಟಕಿಯ ಪಕ್ಕ. ದಿನಾ ಎಂಟು ಗಂಟೆಗೆ ಅಂಕಿ ಜಿಗಿಯುತ್ತಿತ್ತು. “ನನ್ನ ಒಗ್ಗರಣಿನೂ ಮಾಲಿನ್ಯ ಅಂತ ಬರಕೊಂಡ್ರೇನ್ರೀ?” ಎಂದಳು ಮನೆಯವಳು. ಮರುದಿನವೇ ಮಹಡಿಯ ಗ್ಯಾಲರಿಗೆ ಹೋಯಿತು.

ಒಳಗೊಂದು ಸಣ್ಣ ಫ್ಯಾನು ಗಾಳಿ ಎಳೆಯುತ್ತದೆ. ಲೇಸರ್ ಬೆಳಕು ಕಣಗಳಿಗೆ ಬಡಿದು ಚದುರುತ್ತದೆ, ಅದರ ಮೇಲೆ ಲೆಕ್ಕ. ಮಂಜಿನ ಹನಿಯೂ ಅದಕ್ಕೆ ಕಣವೇ. ಜುಲೈಯ ಜಿಟಿಜಿಟಿ ಮಳೆಯಲ್ಲಿ ರಸ್ತೆ ತೊಳೆದಂತಿದ್ದರೂ ಅಂಕಿ ಏರುತ್ತಿತ್ತು! ತೇವಾಂಶ ಶೇ. 70 ದಾಟಿದ ಗಂಟೆಗಳನ್ನೆಲ್ಲ ಹೊಡೆದುಹಾಕಿದೆ. ಮಳೆಗಾಲದ ಲೆಕ್ಕ ಬಹುಪಾಲು ಹೋಯಿತು. ಲೇಸರ್ ಆಯುಸ್ಸು ಸುಮಾರು 8,000 ಗಂಟೆ, ಸದಾ ಓಡಿಸಿದರೆ ವರ್ಷವೂ ಬಾಳದು. ಐದು ನಿಮಿಷಕ್ಕೊಂದು ನಿಮಿಷ ಓಡಿಸಿದರೆ ಸಾಕು. ಇನ್ನೊಂದು ಮಾತು: ಇಂಥ ಸೆನ್ಸರ್‌ಗೆ ಸಣ್ಣ ಕಣ, ಅಂದರೆ ಪಿಎಂ 2.5, ಚೆನ್ನಾಗಿ ಕಾಣುತ್ತದೆ. ರಸ್ತೆಯ ದಪ್ಪ ಧೂಳು ಅಷ್ಟಾಗಿ ಕಾಣುವುದಿಲ್ಲ. ನಾವು ಕೊಂಡಿದ್ದು ಅದಕ್ಕಾಗಿಯೇ, ಏನ್ ಮಾಡೋಣ!

ದೇಶಪಾಂಡೆ ನಗರದ ಸರ್ಕಾರಿ ಮಾಪನ ಕೇಂದ್ರದ ಅಂಕಿ ಎಲ್ಲರಿಗೂ ಸಿಗುತ್ತದೆ. ನಮ್ಮದು ಅದಕ್ಕೆ ಸರಿಹೊಂದಲಿಲ್ಲ, ಆದರೆ ಏರಿಳಿತ ಹೊಂದುತ್ತಿತ್ತು. ಅಷ್ಟು ಧೈರ್ಯ ಸಾಕಾಯಿತು. ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ಘನ ಮೀಟರ್ ಗಾಳಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರರಿಂದ ಏಳೂವರೆವರೆಗೆ ನಮ್ಮ ಗ್ರಾಫಿನ ಗೆರೆ ಅದರ ಮೇಲೆಯೇ. ಆಗ ಬಸ್ಸು, ಲಾರಿ ಜಾಸ್ತಿ ಇಲ್ಲ. ಹಾಗಾದರೆ ಏನು?

ನೋಟ್‌ಬುಕ್ ಹಿಡಿದು ಆರಕ್ಕೆ ಹೊರಟೆ. ಖಾಲಿ ಸೈಟಿನಲ್ಲಿ ಕಸಕ್ಕೆ ಬೆಂಕಿ. ಪ್ಲಾಸ್ಟಿಕ್, ರಟ್ಟು, ಒಣ ಎಲೆ. ಚಳಿಗೆ ಹೊಗೆ ಮೇಲೇಳದೆ ಓಣಿಯಲ್ಲೇ ಹರಡಿ ಕೂತಿತ್ತು. ಹಚ್ಚಿದ್ದು ಪಕ್ಕದ ಕಟ್ಟಡದ ವಾಚ್‌ಮನ್. “ಥಂಡಿ ಭಾಳ ಐತ್ರಿ ಸರ” ಎಂದ. ಕಸ ಯಾರದು ಅಂದರೆ ನಮ್ಮದೇ. ಕಸದ ಗಾಡಿ ಒಂಬತ್ತರ ಮೇಲೆ ಬರುತ್ತಿತ್ತು, ಡ್ಯೂಟಿಗೆ ಹೋಗುವವರು ಅದಕ್ಕೂ ಮೊದಲೇ ಅಲ್ಲಿ ಎಸೆದು ಹೋಗುತ್ತಿದ್ದರು.

ಗ್ರಾಫ್ ಹಿಡಿದು ಒಂದು ಕಚೇರಿಗೆ ಹೋದೆವು. “ನಿಮ್ಮ ಮಷಿನ್ ಸರ್ಕಾರದ್ದಲ್ರೀ” ಎಂದು ವಾಪಸ್ ಕಳಿಸಿದರು. ಅಂಕಿ ಬಿಟ್ಟು, ಹದಿನೈದು ದಿನದ ಫೋಟೋ, ಟೈಮು ಬರೆದ ನೋಟ್‌ಬುಕ್ ಕೊಟ್ಟಾಗ ನಮ್ಮ ಮಾತು ಕೇಳಿದರು. ಈಗ ಗಾಡಿ ಏಳಕ್ಕೆ ಮೊದಲು ಬರುತ್ತದೆ. ವಾಚ್‌ಮನ್ ಕಟ್ಟಿಗೆ ತುಂಡಿಗೆ ಬೆಂಕಿ ಹಾಕುತ್ತಾನೆ, ಪ್ಲಾಸ್ಟಿಕ್ ಹಾಕುವುದಿಲ್ಲ. ಗೆರೆ ಅಷ್ಟಕ್ಕೆ ಮಾತ್ರ ಏರುತ್ತದೆ. ಅದರ ಪಕ್ಕದಲ್ಲಿ ‘ಥಂಡಿ’ ಎಂದು ಬರೆದಿಡುತ್ತೇನೆ.