ಬಿಸಲಾಗ ಸ್ಕ್ರೀನ್ ಮಬ್ಬಾಗ್ತಿತ್ತು, ಹಿಂಗ್ ಸರಿ ಆಯ್ತು

ಫೋನ್‌ನ್ಯಾಗ ಆಟೊ ಬ್ರೈಟ್‌ನೆಸ್ (ಸುತ್ತಲಿನ ಬೆಳಕು ನೋಡಿ ಸ್ಕ್ರೀನ್ ಬೆಳಕು ತಾನೇ ಹೆಚ್ಚು ಕಡಿಮಿ ಆಗೂದು) ಆನ್ ಇದ್ರೂ ಕಲಬುರಗಿ ಬಿಸಲಾಗ ಹೊರಗ ಬಂದ್ರ ಸ್ಕ್ರೀನ್ ಮಬ್ಬು, ಸೂಪರ್ ಮಾರ್ಕೆಟ್ ಬಜಾರದಾಗ ಸ್ಕ್ಯಾನ್ ಮಾಡಿ ಎಷ್ಟ್ ರೊಕ್ಕ ಹಾಕೀನಿ ಅಂತನೂ ಕಾಣ್ತಿದ್ದಿಲ್ಲ. ರೀಸ್ಟಾರ್ಟ್, ಬ್ಯಾಟರಿ ಸೇವರ್ ಆಫ್, ಅಪ್‌ಡೇಟ್, ಯಾವ್ದೂ ನಡೀಲಿಲ್ಲ. ಆಟೊ ತಗದು ಸ್ಲೈಡರ್ ಫುಲ್ ಇಟ್ರ ಚಾರ್ಜ್ ಸಂಜಿ ತನಕ ಬರ್ತಿದ್ದಿಲ್ಲ, ಮ್ಯಾಲ ಭಾಳ ಫೋನ್‌ನ್ಯಾಗ ಬಿಸಲಿಗಿ ಬೇಕಾದ ಹೆಚ್ಚಿನ ಬೆಳಕು ಆಟೊ ಆನ್ ಇದ್ರನೇ ಬರ್ತದ.

ಕಾರಣ ಕರಿ ಅಂಚಿನ ಟೆಂಪರ್ಡ್ ಗ್ಲಾಸ್. ಮ್ಯಾಲಿನ ಸ್ಪೀಕರ್ ಬಾಜು ಇರೋ ಲೈಟ್ ಸೆನ್ಸರ್ ಮ್ಯಾಲ ಅಂಚು ಕುಂತು ಫೋನಿಗಿ ಹಗಲೂ ರಾತ್ರಿನೇ. ಆಟೊ ಆನ್ ಇಟ್ಟು ಅಲ್ಲಿ ಟಾರ್ಚ್ ಹಿಡೀರಿ, ಸ್ಲೈಡರ್ ಅಲ್ಲಾಡ್ಲಿಲ್ಲಂದ್ರ ಸೆನ್ಸರ್ ಮುಚ್ಚ್ಯದ ಅಂತ ತಿಳೀರಿ.

ಮೊದ್ಲ ಆ ಗ್ಲಾಸ್ ತಗದು ಮೈಕ್ರೋಫೈಬರ್ ಬಟ್ಟಿಲೆ ಒರಸ್ರಿ, ಪೂರಾ ಕ್ಲಿಯರ್ ಗ್ಲಾಸ್ ಹಾಕಸ್ರಿ. ಆಮ್ಯಾಲ ಸೆಟ್ಟಿಂಗ್ಸ್, ಆಪ್ಸ್, ಡಿವೈಸ್ ಹೆಲ್ತ್ ಸರ್ವೀಸಸ್, ಸ್ಟೋರೇಜ್, ಅದ್ರಾಗ ಮ್ಯಾನೇಜ್ ಸ್ಪೇಸ್, ಅಲ್ಲಿ ಅಡಾಪ್ಟಿವ್ ಬ್ರೈಟ್‌ನೆಸ್ (ಆಟೊ ಬ್ರೈಟ್‌ನೆಸ್‌ದೇ ಇನ್ನೊಂದ್ ಹೆಸರು) ರೀಸೆಟ್ ಒತ್ರಿ, ಫೋನ್ ಮೊದ್ಲ ಕಲ್ತದ್ದು ಅಳಸಿ ಹೋಗ್ತದ (ಎಲ್ಲಾ ಕಂಪನಿ ಫೋನ್‌ನ್ಯಾಗ ಇದು ಇರಂಗಿಲ್ಲ, ಇಲ್ಲಂದ್ರ ಬಿಟ್ಬಿಡ್ರಿ). ಗ್ಲಾಸ್ ತಗಿಯೂಕ್ಕಿಂತ ಮೊದ್ಲ ರೀಸೆಟ್ ಮಾಡಿದ್ರ ಮತ್ತ ತಪ್ಪೇ ಕಲೀತದ. ಕಡೀಕ ಆಟೊ ಆನ್ ಇಟ್ಟೇ ಬಿಸಲಾಗ, ಮನ್ಯಾಗ, ರಾತ್ರಿ ಲೈಟ್ ಆರಸಿ, ಸ್ಲೈಡರ್ ಕಣ್ಣಿಗಿ ಹೊಂದೂವಂಗ ಸರಸ್ರಿ, ಫೋನ್ ಅದನ್ನ ನೆನಪಿಡ್ತದ.

ಫೋನ್ ಕಾದಾಗ ಮಬ್ಬಾಗೂದು ಬ್ಯಾರೆ, ನೆರಳಿಗಿ ಇಟ್ರ ತಾನೇ ಸರಿ ಹೋಗ್ತದ.