ತಗಡಿನ ಕಾರು ಸಿಕ್ಕರೆ ಮೊದಲು ಮಗುಚಿ ನೋಡುತ್ತೇನೆ

ಟೋಕಿಯೊದ ನಿಶಿ-ಕಸಾಯಿಗೆ ಕೆಲಸಕ್ಕೆಂದು ಬಂದು ನೆಲೆಸಿದ ಮೇಲೆ ಹಿಡಿದ ಹುಚ್ಚು ಇದು: ಜಪಾನಿನ ಹಳೆಯ ತಗಡಿನ ಆಟಿಕೆ ಕಾರುಗಳು. ಕಂಡದ್ದನ್ನೆಲ್ಲ ಕೊಳ್ಳುವುದಿಲ್ಲ. 1950, 60ರ ದಶಕದಲ್ಲಿ ಜಪಾನಿನ ರಸ್ತೆಗಳಲ್ಲೇ ಓಡಾಡಿದ ಕಾರುಗಳ ಆಟಿಕೆಗಳು ಮಾತ್ರ ನನಗೆ ಬೇಕು.

ಹಾಗೆ ಗೆರೆ ಎಳೆದುಕೊಂಡದ್ದಕ್ಕೆ ಕಾರಣವಿದೆ. ಆ ಕಾಲದ ತಯಾರಿಕೆಯ ದೊಡ್ಡ ಪಾಲು ಹಡಗೇರಿ ಅಮೆರಿಕಕ್ಕೆ ಹೋಗುತ್ತಿತ್ತು. ಹಾಗಾಗಿ ಮಾರುಸಾನ್ ಎಂಬ ಆಟಿಕೆ ಕಂಪನಿಯ ಕ್ಯಾಡಿಲಾಕ್, ಅಸಾಹಿ ಕಂಪನಿಯ ಕ್ರೈಸ್ಲರ್ ಇಂಪೀರಿಯಲ್ ಥರದ ಅಮೆರಿಕನ್ ಕಾರುಗಳೇ ಹೆಚ್ಚು ತಯಾರಾದವು, ಇವತ್ತು ಜಗತ್ತಿನ ಸಂಗ್ರಾಹಕರೆಲ್ಲ ಅವುಗಳ ಹಿಂದೆಯೇ ಇದ್ದಾರೆ. ಅವು ಚೆಂದವೇ, ಆದರೆ ನನ್ನ ಮನಸ್ಸು ಹೋಗುವುದು ಬಂದಾಯಿ ಕಂಪನಿ ಮಾಡಿದ ಟೊಯೊಪೆಟ್ ಕ್ರೌನ್ (ಟೊಯೋಟಾ ಕಾರು) ಆಟಿಕೆಯ ಕಡೆಗೆ. ನಿಜವಾದ ಕ್ರೌನ್ ರಸ್ತೆಗಿಳಿದ 1955ರಲ್ಲೇ ಅದರ ಆಟಿಕೆಯೂ ಬಂತು. ಜಪಾನಿನಲ್ಲಿ ಗ್ಯಾರಂಟಿ ಕೊಟ್ಟು ಮಾರಿದ ಮೊದಲ ಆಟಿಕೆ ಅದು. ಅದಕ್ಕೆ ಹತ್ತು ವರ್ಷ ಹಿಂದೆ, 1945ರ ಡಿಸೆಂಬರಿನಲ್ಲಿ, ಓತ್ಸು ಊರಿನಲ್ಲಿ ಕೊಸುಗೆ ಮಾತ್ಸುಜೋ ಎಂಬವರು ಅಮೆರಿಕನ್ ಸೈನ್ಯ ಬಿಸಾಡಿದ ಖಾಲಿ ಡಬ್ಬಿಗಳ ತಗಡಿನಿಂದ ಪುಟ್ಟ ಜೀಪು ಮಾಡಿ ಮಾರುತ್ತಿದ್ದರು. ಸೋತ ದೇಶದ ಡಬ್ಬಿ ಜೀಪಿನಿಂದ ಗ್ಯಾರಂಟಿ ಇರುವ ಕ್ರೌನ್‌ವರೆಗೆ ಹತ್ತೇ ವರ್ಷ. ಈ ಹತ್ತು ವರ್ಷ ನನ್ನನ್ನು ಬಿಟ್ಟೂ ಬಿಡದೆ ಕಾಡುತ್ತದೆ.

ಹುಡುಕುವುದು ಹೆಚ್ಚಾಗಿ ಸಂತೆಗಳಲ್ಲಿ. ಯುರಾಕುಚೊದ ಓಎದೊ ಹಳೆ ಸಾಮಾನಿನ ಸಂತೆ, ಸೆತಗಾಯಾದಲ್ಲಿ ಡಿಸೆಂಬರ್ ಮತ್ತು ಜನವರಿಯ 15, 16ರಂದು ನಡೆಯುವ ಬೊರೊ-ಇಚಿ, ಕ್ಯೋಟೊದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳ 21ರ ಸಂತೆ. ಬೆಳಿಗ್ಗೆ ಬೇಗ ಹೋಗಬೇಕು, ಕೈಯಲ್ಲಿ ನಗದು ಇರಬೇಕು. ಮುಟ್ಟುವ ಮೊದಲು ‘ಸಾವತ್ತೆ ಮೊ ಈ ದೆಸ್ ಕಾ’ (ಮುಟ್ಟಬಹುದೇ?) ಎಂದು ಕೇಳಿಯೇ ಮುಟ್ಟಬೇಕು. ಹಾಗೆ ಕೇಳಿದವನಿಗೆ ಅಂಗಡಿಯ ಅಜ್ಜ ಮೇಜಿನ ಕೆಳಗಿನ ಪೆಟ್ಟಿಗೆಯನ್ನೂ ತೆಗೆದು ತೋರಿಸಿದ್ದುಂಟು. ನಕಾನೊ ಬ್ರಾಡ್‌ವೇಯ ಅಂಗಡಿಗಳಲ್ಲಿ ಬೆಲೆ ಜಾಸ್ತಿ, ನಾನು ಅಲ್ಲಿಗೆ ಹೋಗುವುದು ಬೆಲೆ ತಿಳಿಯುವುದಕ್ಕೆ.

ಕಾರು ಕೈಗೆ ಬಂದ ಕೂಡಲೇ ಮಗುಚುತ್ತೇನೆ. ಮೇಲ್ಮೈಗೆ ಯಾರು ಬೇಕಾದರೂ ಪಾಲಿಶ್ ಹೊಡೆಯಬಹುದು, ಹೊಟ್ಟೆಯಡಿ ಸುಳ್ಳು ಹೇಳುವುದು ಕಷ್ಟ. ಮೊದಲು ಗುರುತು: ವಜ್ರಾಕಾರದೊಳಗೆ ಟಿಎನ್ ಇದ್ದರೆ ನೊಮುರಾ ಕಂಪನಿಯದು, ಟಿಎಂ ಇದ್ದರೆ ಮಸುದಾಯಾ ಕಂಪನಿಯದು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ (ಯುದ್ಧ ಸೋತು ಪರಸೈನ್ಯದ ವಶದಲ್ಲಿದ್ದ ಜಪಾನ್) ಎಂದಿದ್ದರೆ 1947ರಿಂದ 1952ರ ನಡುವೆ ರಫ್ತಿಗೆಂದು ಮಾಡಿದ್ದು. ಆಮೇಲೆ ತಗಡಿನ ಕಿವಿಗಳು. ಈ ಕಾರುಗಳ ಮೈಯನ್ನೂ ತಳವನ್ನೂ ಸೇರಿಸುವುದು ಸೀಳಿನಲ್ಲಿ ತೂರಿಸಿ ಮಡಚಿದ ಪುಟ್ಟ ಕಿವಿಗಳು. ಒಮ್ಮೆ ಬಿಡಿಸಿ ಮತ್ತೆ ಮಡಚಿದರೆ ಆ ಮಡಿಕೆಯಲ್ಲಿ ಬಣ್ಣ ಎದ್ದು ಬರಿಯ ಲೋಹ ಹೊಳೆಯುತ್ತದೆ. ಹೊಳಪು ಕಂಡರೆ ಯಾರೋ ಒಳಗೆ ಕೈಹಾಕಿದ್ದಾರೆ ಎಂದೇ ಅರ್ಥ. ಏನು ಬದಲಾಯಿಸಿದ್ದಾರೆ ಎಂದು ಕೇಳುತ್ತೇನೆ. ಸೆಲ್ ಹಾಕುವ ಕಾರಾದರೆ ಮುಚ್ಚಳ ತೆರೆದು, ಸೆಲ್ ಸೋರಿ ಬಿಳಿ-ಹಸಿರು ಪುಡಿ ಕಟ್ಟಿದೆಯೇ ನೋಡುತ್ತೇನೆ. ನೆಲಕ್ಕೆ ಉಜ್ಜಿ ಬಿಟ್ಟರೆ ಓಡುವ ಫ್ರಿಕ್ಷನ್ ಕಾರಾದರೆ ಅಂಗೈ ಮೇಲೆ ಮೆಲ್ಲಗೆ ಉರುಳಿಸಿ ಕಿವಿಗೊಡುತ್ತೇನೆ. ಒಳಗಿನ ಭಾರದ ಚಕ್ರ ಒಂದೇ ಸಮ ‘ಗುಂಯ್’ ಎನ್ನಬೇಕು. ನಡುನಡುವೆ ತಡೆದರೆ ಹಲ್ಲುಚಕ್ರ ಸವೆದಿದೆ.

ಕೊನೆಗೆ ಕಿಟಕಿಯೊಳಗೆ ಇಣುಕುತ್ತೇನೆ. ದೊಡ್ಡ ಕಾರುಗಳ ಹೊರಮೈಗೆ ಎನಾಮಲ್ ಬಣ್ಣವಿದ್ದರೂ ಸೀಟು, ಡ್ಯಾಶ್‌ಬೋರ್ಡ್ ಲಿಥೊ ಮುದ್ರಣದವು. ಚಪ್ಪಟೆ ತಗಡಿನ ಮೇಲೆ ಚಿತ್ರ ಮುದ್ರಿಸಿ, ಆಮೇಲೆ ಪ್ರೆಸ್‌ನಲ್ಲಿ ಒತ್ತಿ ಆಕಾರ ಕೊಡುತ್ತಿದ್ದರು. ಒತ್ತಿದಾಗ ತಗಡು ಹಿಗ್ಗುತ್ತದೆ, ಜೊತೆಗೆ ಚಿತ್ರವೂ. ಅಷ್ಟಾದರೂ ಸೀಟಿನ ಹೊಲಿಗೆ ಸರಿಯಾಗಿ ಸೀಟಿನ ಅಂಚಿಗೇ ಬಂದು ಕೂರುವಂತೆ ಲೆಕ್ಕ ಹಾಕಿರುತ್ತಿದ್ದರು. ಭೂತಗನ್ನಡಿ ಹಿಡಿದು ಈ ಹೊಲಿಗೆ ನೋಡುತ್ತಾ ಎಷ್ಟು ಹೊತ್ತು ಕಳೆದಿದ್ದೇನೋ! ಕಣ್ಣು ಪಳಗಲು ಯೊಕೊಹಾಮಾದ ಯಮಾತೆಯಲ್ಲಿರುವ ಕಿತಹಾರಾ ತೆರುಹಿಸಾ ಅವರ ತಗಡಿನ ಆಟಿಕೆಗಳ ಮ್ಯೂಸಿಯಂಗಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. 1986ರಲ್ಲಿ ತೆರೆದದ್ದು ಅದು.

ಮನೆಗೆ ತಂದ ಮೇಲೆ ಮಾಡುವುದು ತೀರ ಕಡಿಮೆ. ನೀರು, ಸೋಪು ತಾಗಿಸುವುದಿಲ್ಲ. ಮೃದು ಬ್ರಷ್‌ನಿಂದ ಧೂಳು ತೆಗೆದು ಒಣ ಹತ್ತಿಬಟ್ಟೆಯಲ್ಲಿ ಒರೆಸುತ್ತೇನೆ. ತುಕ್ಕು ಉಜ್ಜಲು ಹೋದರೆ ಪಕ್ಕದ ಮುದ್ರಣವೂ ಏಳುತ್ತದೆ, ಆದ್ದರಿಂದ ಉಜ್ಜುವುದಿಲ್ಲ. ಮತ್ತೆ ಬಣ್ಣ ಬಳಿಯುವುದನ್ನಂತೂ ನಾನು ಒಪ್ಪುವುದೇ ಇಲ್ಲ: ಯಾವುದೋ ಮಗು ಆಡಿ ಸವೆಸಿದ ಬಾನೆಟ್ಟನ್ನು ಅಳಿಸುವ ಹಕ್ಕು ನನಗಿಲ್ಲ. ಜೂನ್-ಜುಲೈ ಮಳೆಗಾಲದಲ್ಲಿ ಗಾಜಿನ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣಗಳು. ಉಡುಪಿ, ಮಂಗಳೂರಿನಂಥ ಉಪ್ಪುಗಾಳಿಯ ಊರಿನಲ್ಲಿ ಕೂಡಿಡುವವರು ವರ್ಷವಿಡೀ ಇಡಬೇಕು. ಕಪಾಟಿಗೆ ಬಿಸಿಲು ಬೀಳಬಾರದು. ಸೆಲ್ ಒಳಗೇ ಬಿಟ್ಟಿಡಬಾರದು.

ಮೂಲ ರಟ್ಟಿನ ಪೆಟ್ಟಿಗೆ ಸಿಕ್ಕರೆ, ಹರಿದಿದ್ದರೂ ಬಿಡಬೇಡಿ. ಮಕ್ಕಳು ಮೊದಲ ದಿನವೇ ಎಸೆದುಬಿಡುತ್ತಿದ್ದ ವಸ್ತು ಅದು, ಈಗ ಕಾರಿಗಿಂತ ಅದೇ ಅಪರೂಪ. ನನ್ನ ಸುಬಾರು 360ಕ್ಕೆ ಪೆಟ್ಟಿಗೆಯಿಲ್ಲ. ಬಂದಾಯಿಯ ಮಜ್ದಾ ಮೂರುಗಾಲಿ ಸರಕುಗಾಡಿಯಂತೂ ಇನ್ನೂ ಕೈಗೆಟುಕಿಲ್ಲ. ಮುಂದಿನ 21ಕ್ಕೆ ತೋಜಿಗೆ ಹೋಗುವವನಿದ್ದೇನೆ.